ಏಳುನೂರು ನಂಬರಿನ ಬಾಣ

ಗಿಣಿಗೇರಾದ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ನಾನು ಇಪ್ಪತ್ತು ವರ್ಷದಿಂದ ಉಗ್ರಾಣ ನೋಡಿಕೊಳ್ಳುವವನು. ಎಂಟು ನಂಬರಿನ ಸರಳಿಗಿಂತ ಹನ್ನೆರಡು ದಪ್ಪ, ಹನ್ನೆರಡಕ್ಕಿಂತ ಹದಿನಾರು ಗಟ್ಟಿ. ಇಷ್ಟು ವಿದ್ಯೆ ಇರುವವನಿಗೆ ಬಾಣ ಆರಿಸುವುದು ಯಾವ ಮಹಾ ಕೆಲಸ!

ಮಗಳು ಸವಿತಾ ಕೊಪ್ಪಳದ ಮೈದಾನದಲ್ಲಿ ಬಿಲ್ವಿದ್ಯೆ ಕಲಿಯುತ್ತಾಳೆ. ಅವಳದು ಎರಡೂ ತುದಿಗೆ ಗಾಲಿ ಇರುವ ಕಾಂಪೌಂಡ್ ಬಿಲ್ಲು. ಭಾನುವಾರ ಜಿಲ್ಲಾ ತಂಡಕ್ಕೆ ಆಯ್ಕೆಯಿತ್ತು. ತರಬೇತುದಾರ ರಫೀಕ್ ಸರ್, ಬಿಲ್ಲಿನ ಎಳೆತ ನೋಡಿ, ಬಾಣದ ಉದ್ದ ಅಳೆದು, ‘ನಾಲ್ಕುನೂರು ನಂಬರಿನ ಬಾಣ’ ಎಂದು ಚೀಟಿ ಬರೆದುಕೊಟ್ಟಿದ್ದರು. ಆ ನಂಬರು ಬಾಣದ ಬಿರುಸಿನದಂತೆ. ಬಿರುಸು ಸಾಲದಿದ್ದರೆ ಬಿಟ್ಟ ಕ್ಷಣವೇ ಬಾಣ ಮುರಿದು ಕೈಗೆ ನಾಟಬಹುದಂತೆ!

ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. ಮೊಬೈಲಿನಲ್ಲಿ ಹುಡುಕಿದರೆ ಏಳುನೂರು ನಂಬರಿನದೂ ಕಂಡಿತು. ಅದನ್ನೇ ತರಿಸಿದೆ.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ಕೇಳಿದಳು, “ಚೀಟ್ಯಾಗ ನಾಲ್ಕನೂರ ಐತಲ್ರಿ?”

“ನಾ ಇನ್ನಷ್ಟು ಗಟ್ಟೀದು ತರಿಸೀನಿ. ಕಬ್ಬಿಣದಾಗ ತಲಿ ಹಣ್ಣಾಗೇತಿ ನಂದು, ನನಗ ಹೇಳಬ್ಯಾಡ!”

ಭಾನುವಾರ ಮಗಳಿಗೆಂದು ಕಾರ್ಖಾನೆಯ ಹೆಲ್ಮೆಟ್ಟನ್ನೂ ಒಯ್ದೆ. “ಅಪ್ಪಾ, ಮಂದಿ ನಗ್ತಾರ” ಎಂದಳು. ಸರಿ, ನಾನೇ ಹಾಕಿಕೊಂಡು ಬೇಲಿಯ ಹಿಂದೆ ನಿಂತೆ.

ಅವಳು ಹೊಸ ಬಾಣ ಹೂಡಿದ್ದಳಷ್ಟೇ, ರಫೀಕ್ ಸರ್ ಕೂಗಿದರು, “ಏ ತಂಗಿ, ನಿಲ್ಲವಾ! ಎಳೀಬ್ಯಾಡ!” ಬಾಣವನ್ನು ಇಸಿದುಕೊಂಡು ಎರಡೂ ತುದಿ ಹಿಡಿದು ಬಗ್ಗಿಸಿದರು. ಅದು ಬಾರುಕೋಲಿನಂತೆ ಬಳುಕಿತು.

“ಏಳನೂರ! ಯಾರವ್ವಾ ತಂದಾರ ಇದನ್ನ?”

ಇಡೀ ಮೈದಾನದಲ್ಲಿ ಹೆಲ್ಮೆಟ್ ಹಾಕಿಕೊಂಡವನು ಒಬ್ಬನೇ. ಮಗಳು ಬೆರಳು ತೋರಿಸಬೇಕಾಗಲಿಲ್ಲ!

“ಬಾಣದ ನಂಬರ್ ಅಂದ್ರ ಅದು ಎಷ್ಟು ಬಗ್ಗತೈತಿ ಅನ್ನೋ ಲೆಕ್ಕರೀ. ನಂಬರ್ ಏರಿದಂಗ ಬಿರುಸು ಇಳೀತೈತಿ. ಇದನ್ನ ಬಿಟ್ಟಿದ್ರ ಹುಡುಗಿ ಕೈ…”

ನಾನು ಮಗಳನ್ನು ಕರೆದು ಬೆರಳು ಎಣಿಸಿದೆ. ಹತ್ತೂ ಇದ್ದವು! ಮತ್ತೊಮ್ಮೆ ಎಣಿಸಿದೆ. ಆಗಲೂ ಹತ್ತೇ. ಹೋದ ಜೀವ ಬಂತು. ರಫೀಕ್ ಸರ್ ತಮ್ಮಲ್ಲಿದ್ದ ನಾಲ್ಕುನೂರರ ಬಾಣಗಳನ್ನು ಕೊಟ್ಟರು, ಮಗಳು ಆಯ್ಕೆಯಾದಳು.

ಮನೆಗೆ ಬಂದು ಹೇಳಿದರೆ ಹೆಂಡತಿ ತಲೆಯೆತ್ತದೆ ಅಂದಳು, “ಹೊಲಿಗಿ ದಾರಾನೂ ಹಂಗ ಐತಲ್ರಿ. ನಂಬರ್ ಏರಿದ್ರ ದಾರ ಸಣ್ಣ. ನನ್ನ ಒಂದ್ ಮಾತು ಕೇಳಿದ್ರ ನಿಮ್ಮ ಹೆಲ್ಮೆಟ್ ಬೀಳ್ತಿತ್ತೇನು?”

ಏಳುನೂರರ ಬಾಣಗಳೀಗ ಹಿತ್ತಲಿನ ಹೀರೇಬಳ್ಳಿಗೆ ಆಸರೆ. ಕಾಯಿಯ ಭಾರಕ್ಕೂ ಬಗ್ಗುತ್ತಿವೆ! ನನಗೂ ಮೈದಾನದಲ್ಲೊಂದು ಹುದ್ದೆ ಸಿಕ್ಕಿದೆ: ಗುರಿ ತಪ್ಪಿದ ಬಾಣ ಹುಡುಕಿ ತರುವುದು. ಏನು ಮಾಡಲಿ, ಮಗಳು ಗುರಿ ತಪ್ಪುವುದೇ ಇಲ್ಲ. ಹೆಲ್ಮೆಟ್ ಹಾಕಿಕೊಂಡು ಸುಮ್ಮನೆ ಕೂತಿರುತ್ತೇನೆ.