ಕಿವಿಗೆ ಹಿಡಿದ ಕಾಯಿ

ನಮ್ಮ ಚಿಕ್ಕಪ್ಪನಷ್ಟು ಅವಸರದ ಪ್ರಾಣಿ ಅರಸೀಕೆರೆಯಲ್ಲಿ ಇನ್ನೊಂದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮೊದಲು ಯಾವುದು ಅಲುಗಾಡುತ್ತದೋ ಅದೇ ಅವರ ಬಸ್ಸು! ಹಳೇಬೀಡಿನ ಮದುವೆಗೆ ಹೊರಟು ತಿಪಟೂರಿನಲ್ಲಿ ಇಳಿದು, ಅಲ್ಲೇ ಯಾರದೋ ಮದುವೆಯಲ್ಲಿ ಉಂಡು ಬಂದ ಪುಣ್ಯಾತ್ಮರು. ಹಿಂದೆ ಇದನ್ನು ಹೇಳಿಕೊಂಡು ನಗುತ್ತಿದ್ದೆವು. ಈಗ ಆ ಮನೆಗೆ ಹೋದರೆ ಆ ಮಾತನ್ನು ಯಾರೂ ಎತ್ತುವುದಿಲ್ಲ.

ಇಂಥವರಿಗೆ ಕೊಬ್ಬರಿ ವ್ಯಾಪಾರ ಬೇರೆ! ಅಟ್ಟಕ್ಕೆ ಹಾಕಿದ ಕಾಯಿಯೊಳಗೆ ನೀರು ಇಂಗಿ ಕೊಬ್ಬರಿಯಾಗಲು ವರ್ಷ ಹಿಡಿಯುತ್ತದೆ. ಕಿವಿಯ ಬಳಿ ಅಲ್ಲಾಡಿಸಿದಾಗ ನೀರು ಕುಲುಕಿದರೆ ಇನ್ನೂ ಹಸಿ, ಗಡಗಡ ಎಂದರೆ ಒಡೆಯಬಹುದು. ಚಿಕ್ಕಂದಿನಲ್ಲಿ ಚಿಕ್ಕಪ್ಪ ಕೇಳುವ ಮೊದಲೇ ಒಡೆದಿರುತ್ತಿದ್ದರಂತೆ.

"ಸರಿಯಾಗಿ ಆರಿಸ್ಲಾ, ಅಚ್ಚು ಬೆಲ್ಲ ಕೊಡ್ತೀನಿ" ಎಂದರು ತಾತ. ಬೆಲ್ಲದ ಮೇಲೆ ಕಣ್ಣಿಟ್ಟ ಹುಡುಗ ಇನ್ನೂ ಬೇಗ ಒಡೆದ. ಆಮೇಲೆ ಹುಣಸೆ ಕೋಲು ಬಂತು. ಗಡಗಡ ಎನ್ನುತ್ತಿರುವುದು ಕಾಯಿಯೋ ತನ್ನ ಮೈಯೋ ತಿಳಿಯದೆ ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದ! ಬೆಲ್ಲ ಖಾಲಿಯಾಯಿತು, ಕೋಲು ಮುರಿಯಿತು, ಹುಟ್ಟುಗುಣ ಮಾತ್ರ ಸುಟ್ಟರೂ ಹೋಗಲಿಲ್ಲ.

ದಾರಿಗೆ ತಂದವರು ಬೇಲೂರಿನಿಂದ ಮದುವೆಯಾಗಿ ಬಂದ ಚಿಕ್ಕಮ್ಮ. ಬೆಲ್ಲವೂ ಇಲ್ಲ, ಕೋಲೂ ಇಲ್ಲ. ಮಚ್ಚನ್ನು ತಮ್ಮ ಮಗ್ಗುಲಿಗೆ ಎಳೆದುಕೊಂಡು ಪಕ್ಕದಲ್ಲಿ ಕೂತು, "ಇನ್ನೊಂದ್ಸಲ ಕೇಳ್ನೋಡ್ರೀ" ಎನ್ನುತ್ತಿದ್ದರು, ಅಷ್ಟೇ. ಕೇಳಿದರೆ ಚಿಕ್ಕಪ್ಪನಿಗೂ ಗೊತ್ತಾಗುತ್ತಿತ್ತು!

ಹೋದ ವರ್ಷ ಚಿಕ್ಕಮ್ಮನಿಗೆ ಲಕ್ವ ಹೊಡೆದು ಮಾತು ನಿಂತಿತು. "ಮಾತು ಬಂದರೆ ನಿಧಾನಕ್ಕೆ ಬರುತ್ತೆ. ನೀವು ಅವಸರ ಮಾಡಬೇಡಿ" ಎಂದರು ಡಾಕ್ಟರು. ಯಾರಿಗೆ ಹೇಳಿದ ಮಾತು ನೋಡಿ! ಆಕೆ ತುಟಿ ತೆರೆದರೆ ಸಾಕು, "ನೀರಾ? ಕಾಫಿಯಾ? ಫ್ಯಾನ್ ಹಾಕ್ಲಾ?" ಎಂದು ಚಿಕ್ಕಪ್ಪ ಮುಗಿಬೀಳುತ್ತಿದ್ದರು. "ಒಂದು ಮಾತಾಡೇ, ತವರಿಗೆ ಕರ್ಕೊಂಡು ಹೋಗ್ತೀನಿ" ಎಂಬ ಆಮಿಷ. "ಮಾತಾಡ್ದಿದ್ರೆ ನಾನು ಉಣ್ಣಾಕಿಲ್ಲ" ಎಂಬ ಬೆದರಿಕೆ. ಮತ್ತೆ ಅದೇ ತಾತನ ಬೆಲ್ಲ, ಅದೇ ಕೋಲು! ಚಿಕ್ಕಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಮೊನ್ನೆ ಹೋದಾಗ ಚಿಕ್ಕಪ್ಪ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ಅಟ್ಟದ ಕಾಯೊಂದನ್ನು ಆಕೆಯ ಕಿವಿಯ ಬಳಿ ಅಲ್ಲಾಡಿಸಿ, "ಒಣಗೈತೇನೇ?" ಎಂದು ಕೇಳಿ ಸುಮ್ಮನಾದರು. ನಾನು ಬಾಯಿ ತೆರೆದರೆ ಕೈಯೆತ್ತಿ ತಡೆದರು. ನನ್ನ ಕಾಫಿ ಆರಿತು. ನನ್ನ ಬಸ್ಸೂ ಹೋಯಿತು. ಚಿಕ್ಕಪ್ಪ ಕಾಯುತ್ತಲೇ ಇದ್ದರು.

ಕಡೆಗೆ ಚಿಕ್ಕಮ್ಮನ ತುಟಿ ಅಲುಗಿತು.

"ಇ... ನ್ನೊಂ..."

ಉಳಿದ ಮಾತನ್ನು ಚಿಕ್ಕಪ್ಪ ಆಕೆಯ ಬಾಯಿಂದ ಕಸಿದುಕೊಳ್ಳಲಿಲ್ಲ. ಕಣ್ಣು ಒರೆಸಿಕೊಂಡು, ಕಾಯನ್ನು ಮತ್ತೆ ಆಕೆಯ ಕಿವಿಗೆ ಹಿಡಿದರು.