ಎಲ್ಲ ಪ್ರಬಂಧಕ್ಕೂ ಒಂದೇ ಚಪ್ಪಲಿ

ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಪ್ರಬಂಧ ಬರೆಯುವುದನ್ನು ಕಲಿಸುವುದು ನನ್ನ ಕೆಲಸ. ವಾರದಲ್ಲಿ ಐದು ದಿನ ರಾಯಚೂರು, ಶನಿವಾರ ದೇವದುರ್ಗ, ಭಾನುವಾರ ಮಾನ್ವಿ. ಈ ಕೆಲಸದಲ್ಲಿ ಆಗಾಗ ಗೊಂದಲವಾಗುತ್ತದೆ ಎಂದು ಹೇಳಲಾರೆ. ಆಗಾಗ ಎನ್ನಬೇಕಾದರೆ ನಡುವೆ ಸ್ವಲ್ಪ ಬಿಡುವು ಇರಬೇಕಾಗುತ್ತದೆ.

ಚಪ್ಪಲಿ ಬಿದ್ದದ್ದು

ಉದಾಹರಣೆ ಇಲ್ಲದ ಪ್ರಬಂಧಕ್ಕೆ ಅಂಕ ಬರುವುದಿಲ್ಲ. ಪರೀಕ್ಷೆಯಲ್ಲಿ ಯಾವ ವಿಷಯ ಕೊಡುತ್ತಾರೋ ಮೊದಲೇ ಗೊತ್ತಾಗುವುದಿಲ್ಲ. ಆದ್ದರಿಂದ ಯಾವ ವಿಷಯ ಬಂದರೂ ಒಗ್ಗುವಂಥ ಒಂದು ಉದಾಹರಣೆ ಕೈಯಲ್ಲಿರಬೇಕು ಎಂದು ರಾಯಚೂರಿನ ತರಗತಿಯಲ್ಲಿ ಹೇಳಿ, ನಾನೇ ಕಣ್ಣಾರೆ ಕಂಡದ್ದೊಂದನ್ನು ಕೊಟ್ಟೆ.

ಗಿಲ್ಲೆಸುಗೂರಿನಿಂದ ರಾಯಚೂರಿಗೆ ಬರುವ ಬಸ್ಸು. ಬಾಗಿಲ ಹತ್ತಿರ ಕುಳಿತಿದ್ದ ಒಬ್ಬ ಅಜ್ಜಿಯ ಚಪ್ಪಲಿ ಜಾರಿ ರಸ್ತೆಗೆ ಬಿತ್ತು. ಬಸ್ಸು ನಿಂತಿತು. ಅಜ್ಜಿ ಇಳಿದು, ಹಿಂದಕ್ಕೆ ನಡೆದು ಹೋಗಿ, ಚಪ್ಪಲಿ ಹುಡುಕಿ, ಮೆಟ್ಟಿಕೊಂಡು ಬಂದು ಕುಳಿತಳು. ಕಂಡಕ್ಟರು ಗದರಲಿಲ್ಲ, ಪ್ರಯಾಣಿಕರು ಗೊಣಗಲಿಲ್ಲ.

"ಮಾನವೀಯತೆ ಬಂದ್ರ ಕಂಡಕ್ಟರನ್ನ ಬರೀರಿ. ಸಹನೆ ಬಂದ್ರ ಪ್ರಯಾಣಿಕರನ್ನ ಬರೀರಿ. ಛಲ ಬಂದ್ರ ಅಜ್ಜಿನ್ನ ಬರೀರಿ. ಕೇಳಿದ್ದು ಅಂತ ಬರೀಬ್ಯಾಡ್ರಿ, ನಿಮ್ಮದು ಮಾಡ್ಕೊಂಡು ಬರೀರಿ" ಎಂದೆ. ಎಲ್ಲರೂ ಬರೆದುಕೊಂಡರು. ಪೆನ್ನಿನ ಸದ್ದು ಕೇಳಿ ನನಗೂ ಸಮಾಧಾನವಾಯಿತು.

ಮರುವಾರ ಪರೀಕ್ಷೆ ಇಟ್ಟೆ. ವಿಷಯ: ಜಲ ಸಂರಕ್ಷಣೆ. ಬಂದ ಮೂವತ್ತೆಂಟು ಉತ್ತರಪತ್ರಿಕೆಗಳಲ್ಲೂ ಚಪ್ಪಲಿ ಬಿದ್ದಿತ್ತು. "ಒಂದು ಚಪ್ಪಲಿಗಾಗಿ ಅಜ್ಜಿ ಅಷ್ಟು ದೂರ ನಡೆದಳು, ಒಂದು ಹನಿ ನೀರಿಗಾಗಿ ನಾವು ನಡೆಯಬಾರದೇ?" ಎಂದು ಒಬ್ಬ ನನ್ನನ್ನೇ ಕೇಳಿದ್ದ. ನಿಮ್ಮದು ಮಾಡಿಕೊಳ್ಳಿ ಎಂದಿದ್ದೆನಲ್ಲ, ಮೂವತ್ತೇಳು ಜನ "ನಮ್ಮ ಸ್ವಂತ ಅಜ್ಜಿ" ಎಂದೇ ಬರೆದಿದ್ದರು. ಒಬ್ಬ ಹುಡುಗಿ ಮಾತ್ರ ಅಜ್ಜಿಯನ್ನು ಬಿಟ್ಟು, ಆ ಕಂಡಕ್ಟರು "ನಮ್ಮ ಅಪ್ಪ" ಎಂದು ಬರೆದಿದ್ದಳು. ಸುಳ್ಳಿಗೂ ಒಂದು ಮಿತಿ ಇರಬೇಕು ಎಂದು ಅವಳ ಎರಡು ಅಂಕ ಕಳೆದೆ.

ಉಳಿದವರ ಮಾತನ್ನು ನಂಬುವುದಾದರೆ ಆ ದಿನ ಆ ಬಸ್ಸು ದಾರಿಯಲ್ಲಿ ಮೂವತ್ತೇಳು ಸಲ ನಿಂತಿದೆ. ಅದು ಕೊನೆಗೆ ರಾಯಚೂರು ಮುಟ್ಟಿತು ಎನ್ನಲು ಯಾವ ಪ್ರಬಂಧದಲ್ಲೂ ಆಧಾರ ಸಿಗಲಿಲ್ಲ.

ಮಲ್ಲಟದ ಕವಿ

ಬದುಕಿನ ಉದಾಹರಣೆ ಹೀಗಾಯಿತು, ಸಾಹಿತ್ಯದ್ದಾದರೂ ಕೊಡೋಣ ಎಂದು ದೇವದುರ್ಗದಲ್ಲಿ ನಾಲ್ಕು ಸಾಲಿನ ಒಂದು ಪದ್ಯವನ್ನು ಬೋರ್ಡಿನ ಮೇಲೆ ಬರೆದೆ. ಹಳೆಯ ಪದ್ಯ, ಬರೆದವರು ಯಾರೆಂದು ತಿಳಿಯದು. ಆದ್ದರಿಂದ ಕೆಳಗೆ "ಅಜ್ಞಾತ" ಎಂದು ಹಾಕಿದೆ.

ಮುಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಸರ್, ಅಜ್ಞಾತರು ಯಾವ ಊರಿನವ್ರು?"

"ಗೊತ್ತಿಲ್ಲಪ್ಪಾ. ಗೊತ್ತಿಲ್ಲ ಅಂತಾನೇ ಅಜ್ಞಾತ."

ಹಿಂದಿನ ಬೆಂಚಿನವನೊಬ್ಬ ಅವನಿಗೆ ಸಮಾಧಾನ ಹೇಳಿದ: "ನಮ್ ಕಡಿಯವ್ರೇ ಇರಬೇಕ್ ಬಿಡಲೇ. ಬೆಂಗಳೂರು ಕಡಿಯವ್ರಾಗಿದ್ರ ಇಷ್ಟೊತ್ತಿಗೆ ಗೊತ್ತಾಗಿರ್ತಿತ್ತು."

ನಾನು ಪದ್ಯದ ಅರ್ಥ ಹೇಳತೊಡಗಿದೆ.

ಮುಂದಿನ ಶನಿವಾರದ ಪ್ರಬಂಧಗಳಲ್ಲಿ "ಕನ್ನಡದ ಹಿರಿಯ ಕವಿಗಳಾದ ಶ್ರೀ ಅಜ್ಞಾತ ಅವರು" ಹನ್ನೊಂದು ಕಡೆ ಕಾಣಿಸಿಕೊಂಡರು. ಅದನ್ನು ತಿದ್ದಿದೆ. ಆದರೆ ಒಂದರಲ್ಲಿ "ಅಜ್ಞಾತರು ಮಾನ್ವಿ ತಾಲ್ಲೂಕಿನ ಮಲ್ಲಟದಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದರು" ಎಂದಿತ್ತು. ಬರೆದವನನ್ನು ಎಬ್ಬಿಸಿ ಕೇಳಿದೆ:

"ಇದು ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ನಾ ಮಲ್ಲಟದಾಂವ. ದೇವದುರ್ಗದಾಗ ಅಕ್ಕನ ಮನ್ಯಾಗ ಇರ್ತೀನಿ."

"ಅದಕ್ಕ?"

"ಯಾವ ಊರಿಗೂ ಬ್ಯಾಡಾಗ್ಯಾರಲ್ರಿ ಪಾಪ. ನಮ್ಮೂರಾಗೇ ಇರಲಿ ಬಿಡ್ರಿ ಸರ್."

ಮಿಸಾಲ್

ಮಾನ್ವಿಯ ತರಗತಿಗೆ ಒಬ್ಬಾಕೆ ಬರುತ್ತಿದ್ದಳು. ಪೇಟೆಯಲ್ಲಿ ಅವಳ ತಾಯಿಯದು ಬಳೆ ಅಂಗಡಿ. ಇವಳೂ ವಾರವೆಲ್ಲ ಅಲ್ಲೇ ಕುಳಿತು, ಬಳೆ ತೊಡಿಸುವ ನಡುವೆ ಪುಸ್ತಕ ಓದುತ್ತಿದ್ದಳು. ಬೇರೆ ಪತ್ರಿಕೆಗಳಲ್ಲಿ ಒಳ್ಳೆಯ ಅಂಕ ಬರುತ್ತಿತ್ತು, ಪ್ರಬಂಧದಲ್ಲಿ ಎರಡು ಸಲ ಹೋಗಿತ್ತು. ಈ ಸಲದ್ದು ಕೊನೆಯದು, ಬರುವ ವರ್ಷಕ್ಕೆ ವಯೋಮಿತಿ ಮೀರುತ್ತದೆ. "ಈ ಸಲ ಆಗಲಿಲ್ಲಂದ್ರ ಪುಸ್ತಕ ಎಲ್ಲಾ ಕಟ್ಟಿ ಅಟ್ಟದ ಮ್ಯಾಲ ಇಡ್ತೀನ್ರಿ" ಎಂದು ಮೊದಲ ದಿನವೇ ಹೇಳಿದ್ದಳು. ಅವಳ ಪ್ರಬಂಧದಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ, ಒಂದು ಉದಾಹರಣೆಯೂ ಇರುತ್ತಿರಲಿಲ್ಲ. ಕೇಳಿದರೆ, "ನನ್ ಜೀವನದಾಗ ಏನೂ ಆಗೇ ಇಲ್ರಿ ಸರ್" ಎನ್ನುತ್ತಿದ್ದಳು.

ಒಂದು ಭಾನುವಾರ ತಾಯಿಯೂ ಜೊತೆಗೆ ಬಂದರು. ಬಂದವರೇ, "ಸರ್, ನಮ್ ಹುಡುಗಿಗಿ ಮಿಸಾಲ್ ಕಮ್ಮಿ ಬಿದ್ದಾವಂತ. ಎರಡು ಚಲೋವು ನೋಡಿ ಕೊಡ್ರಿ" ಎಂದರು.

ನನ್ನ ಕಿವಿಗೆ ಮಸಾಲೆ ಎಂದು ಕೇಳಿಸಿತು. "ಯವ್ವಾ, ಕಿರಾಣಿ ಅಂಗಡಿ ಕೆಳಗದ. ಇದು ಮ್ಯಾಲಿನ ಮಹಡಿ" ಎಂದೆ.

ಮಗಳು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು, "ಮಿಸಾಲ್ ಅಂದ್ರ ಉದಾಹರಣೆ ಸರ್. ನಮ್ ಮನ್ಯಾಗ ಹಂಗಂತೀವಿ" ಎಂದಳು.

ತಪ್ಪು ನನ್ನದಾದ್ದರಿಂದ, ಹೆಚ್ಚು ಶ್ರದ್ಧೆಯಿಂದ, ಮಾನ್ವಿಯ ತರಗತಿಗೂ ಆಗಲೇ ಕೊಟ್ಟಿದ್ದ ಚಪ್ಪಲಿಯ ಪ್ರಸಂಗವನ್ನು ತಾಯಿಗೆ ಮೊದಲಿನಿಂದ ಹೇಳಿದೆ. ಆಕೆ ಗಲ್ಲದ ಮೇಲೆ ಕೈಯಿಟ್ಟು ಪೂರ್ತಿ ಕೇಳಿದರು.

"ಚಪ್ಲಿ ಸಿಕ್ತಾ?"

"ಸಿಕ್ತು."

"ಮುಂದ?"

"ಅಷ್ಟೇ."

ಆಕೆ ಮಗಳ ಕಡೆ ತಿರುಗಿ ಕೇಳಿದರು: "ಇದಕ್ಕೇನ್ ಬೇ, ವಾರಾ ವಾರಾ ಅಂಗಡಿ ಬಿಟ್ಟು ಬರೋದು?"

ಕಂಡಕ್ಟರ ಹೇಳಿಕೆ

ಮುಂದೊಂದು ದಿನ ಮದುವೆಗೆಂದು ಗಿಲ್ಲೆಸುಗೂರಿಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದೆ. ಅದೇ ಕಂಡಕ್ಟರು. ಟಿಕೆಟ್ ಹರಿದುಕೊಟ್ಟು, ಪಕ್ಕದಲ್ಲೇ ಕುಳಿತರು.

"ಪ್ರಬಂಧದ ಸರ್ ಅಲ್ರೀ ನೀವು? ನನ್ ಮಗಳು ನಿಮ್ ಕ್ಲಾಸಿಗಿ ಬರ್ತಾಳ. ನನ್ನ ಮ್ಯಾಲ ಬರದಿದ್ಳು, ಮಾನವೀಯತೆಯ ಮೂರ್ತಿ ಅಂತ. ನೀವು ಎರಡು ಮಾರ್ಕು ಕಡಿದ್ರಂತ."

ತಪ್ಪಾಯಿತು, ಆ ಅಂಕ ತಿರುಗಿ ಕೊಡುತ್ತೇನೆ ಎಂದೆ.

"ಬ್ಯಾಡ್ರಿ, ಬ್ಯಾಡ್ರಿ" ಎಂದು ಅವರು ದನಿ ತಗ್ಗಿಸಿದರು. "ಕಡಿದಿದ್ದೇ ಖರೆ ಅದ. ಅವತ್ತು ನಾ ಬಸ್ ನಿಲ್ಸಿಲ್ರಿ. ಟೈರ್ ಪಂಚರ್ ಆಗಿತ್ತು. ಹೆಂಗೂ ನಿಂತದಲ್ಲ ಅಂತ ಆ ಯವ್ವ ಚಪ್ಲಿ ಹುಡುಕಾಕ ಹೋದ್ಳು."

"ಪ್ರಯಾಣಿಕರು ಸುಮ್ನ ಕೂತಿದ್ರಲ್ರಿ?"

"ಎಲ್ಲಿ ಕೂತಿದ್ರು? ಎಲ್ಲಾರೂ ಇಳಿದು ನನ್ನ ಬೈಯಾಕತ್ತಿದ್ರು. ಒಳಗ ಸುಮ್ನ ಕೂತವ್ರು ನೀವು ಒಬ್ಬರೇ. ನಿದ್ದಿ ಹತ್ತಿತ್ತು ನಿಮಗ. ಎಚ್ಚರಾದಾಗ ಆಕಿ ಚಪ್ಲಿ ಮೆಟ್ಕೊಂಡು ಹತ್ತಾಕತ್ತಿದ್ಳು."

ಮಾನವೀಯತೆ, ಸಹನೆ ಎರಡೂ ಒಂದೇ ಟಿಕೆಟ್ಟಿನಲ್ಲಿ ಇಳಿದು ಹೋದವು. ಮರುದಿನ ತರಗತಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿ, ಆ ಉದಾಹರಣೆಯನ್ನು ಹೊಡೆದುಹಾಕಿ ಎಂದೆ. ಒಬ್ಬ ಎದ್ದು ನಿಂತು ನನಗೆ ಧೈರ್ಯ ಹೇಳಿದ:

"ತಲಿ ಕೆಡಿಸ್ಕೋಬ್ಯಾಡ್ರಿ ಸರ್. ಚಲೋನೇ ಆತು. ರಸ್ತೆ ದುರಸ್ತಿ ವಿಷಯಕ್ಕ ನಮ್ ಹತ್ರ ಉದಾಹರಣಿ ಇರಲಿಲ್ಲ."

ಎರಡು ನಾಲ್ಕು, ಎರಡು ಆರು

ಪರೀಕ್ಷೆಗೆ ಒಂದು ವಾರ ಉಳಿದಾಗ ಮಾನ್ವಿಯ ಬಳೆ ಅಂಗಡಿಗೇ ಹೋದೆ. ಅವಳದು ಕೊನೆಯ ಸಲ ಎನ್ನುವುದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಏನೂ ಇಲ್ಲದಿದ್ದರೆ ಪಂಚರ್ ಆದ ಉದಾಹರಣೆಯನ್ನಾದರೂ ಬರಿ ಎಂದು ಹೇಳುವುದು ನನ್ನ ಉದ್ದೇಶ.

ಅವಳು ಒಬ್ಬ ಹೆಂಗಸಿನ ಕೈ ಹಿಡಿದು, ಬೆರಳುಗಳನ್ನು ಒತ್ತಿ ಮಡಿಸಿ, ಹಸಿರು ಬಳೆ ಏರಿಸುತ್ತಿದ್ದಳು. ನನ್ನ ಮಾತು ಮುಗಿಯುವವರೆಗೆ ಕೈ ಬಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಸರ್, ಬಳಿಗಿ ಅಳತಿ ಅದಾವ. ಎರಡು ನಾಲ್ಕು, ಎರಡು ಆರು, ಎರಡು ಎಂಟು. ಇಡೀ ಮಾನ್ವಿಗಿ ಎರಡು ನಾಲ್ಕೇ ತೊಡಸ್ತೀನಿ ಅಂದ್ರ ಹೆಂಗ್ರಿ? ಕೆಲವ್ರಿಗಿ ಜಾರಿ ಬೀಳ್ತಾವ, ಕೆಲವ್ರ ಕೈಯಾಗ ಒಡದು ರಕ್ತ ಬರ್ತದ."

"ಅಂದ್ರ?"

"ಅಂದ್ರ ನಿಮ್ ಚಪ್ಲಿ ನನಗ ಬ್ಯಾಡ್ರಿ."

ಏನೂ ಆಗದ ಜೀವನದಲ್ಲಿ ಇಷ್ಟು ಒಳ್ಳೆಯ ಉದಾಹರಣೆ ಎಲ್ಲಿಂದ ಬಂತು ಎಂದು ಯೋಚಿಸುತ್ತ ಹೊರಟೆ. ಅವಳ ತಾಯಿ ಹಿಂದಿನಿಂದ ಕೂಗಿದರು: "ಸರ್, ನಿಮ್ ಮನಿಯವ್ರ ಅಳತಿ ಎಷ್ಟ್ರೀ?" ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿದೆ. ನನಗೆ ಗೊತ್ತಿರಲಿಲ್ಲ.

ಜೀವಂತ ಉದಾಹರಣೆ

ಅವಳು ಪರೀಕ್ಷೆ ಬರೆದಳು. ಫಲಿತಾಂಶ ಬರುವವರೆಗೆ ನನಗೆ ಏನನ್ನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಯ್ಕೆಪಟ್ಟಿ ಬಂತು, ಅದರಲ್ಲಿ ಅವಳ ಸಂಖ್ಯೆ ಇತ್ತು. ಪ್ರಬಂಧದಲ್ಲಿ, ನಾನು ಇದುವರೆಗೆ ಕಲಿಸಿದ ಯಾರಿಗೂ ಬಾರದಷ್ಟು ಅಂಕ. ತಾಯಿ ಮಗಳು ಇಬ್ಬರೂ ಪೇಡೆ ತಂದರು.

"ಏನ್ ವಿಷಯ ಬಂದಿತ್ತವ್ವಾ?" ಎಂದು ಕೇಳಿದೆ.

"ಸ್ವಂತಿಕೆ ಅಂತ್ರಿ."

"ಬಳಿ ಬರದ್ಯಾ?"

"ಬಳಿನೂ ಬರದೆ." ಅವಳು ಪೇಡೆಯ ಡಬ್ಬಿಯನ್ನು ನನ್ನ ಹತ್ತಿರಕ್ಕೆ ಸರಿಸಿದಳು. "ನಿಮ್ಮನ್ನೂ ಬರದೆ."

ಪೇಡೆ ಬಾಯಲ್ಲಿತ್ತು. ಅವಳೇ ಮುಂದುವರಿಸಿದಳು.

"ಪ್ರತಿ ಭಾನುವಾರ ನಮ್ಮೂರಿಗಿ ಒಬ್ಬ ಮಾಸ್ತರು ಬಂದು ಎಲ್ಲಾರಿಗೂ ಒಂದೇ ಚಪ್ಲಿ ಮೆಟ್ಟಿಸಿ ಹೋಗ್ತಾರ ಅಂತ. ಬೈದಿಲ್ರಿ ಸರ್, ಇದ್ದದ್ದು ಬರದೀನಿ. ಹೆಸರು ಹಾಕಿಲ್ಲ. ಪ್ರಬಂಧದಾಗ ಯಾರ ಹೆಸರೂ ಹಾಕಬಾರದಂತ ನೀವೇ ಹೇಳಿದ್ರಲ್ಲ."

ತಾಯಿ ತೃಪ್ತಿಯಿಂದ ತಲೆಯಾಡಿಸಿ, "ಕೊನಿಗಿ ಒಂದು ಚಲೋ ಮಿಸಾಲ್ ಕೊಟ್ರಿ ನೋಡ್ರಿ ಸರ್" ಎಂದರು.

ನಾನು ಇಷ್ಟಕ್ಕೆ ನಿಲ್ಲಿಸಬೇಕಾಗಿತ್ತು. ನಿಲ್ಲಿಸದೆ, ಪಾಸಾದವರ ಮಾತು ಕೇಳಿದರೆ ಹೊಸಬರಿಗೆ ಹುರುಪು ಬರುತ್ತದೆ ಎಂದು ಅವಳನ್ನೇ ಕರೆಸಿ ಮಾನ್ವಿಯ ಹೊಸ ತಂಡದ ಮುಂದೆ ಮಾತಾಡಿಸಿದೆ. ಅವಳು ಎಲ್ಲವನ್ನೂ ಹೇಳಿದಳು. ಎಲ್ಲರೂ ಬರೆದುಕೊಂಡರು. ಆ ಪೆನ್ನಿನ ಸದ್ದನ್ನು ನಾನು ಈ ಮೊದಲೇ ಎಲ್ಲೋ ಕೇಳಿದ್ದೆ ಎಂದು ಆಗ ಹೊಳೆಯಲಿಲ್ಲ.

ಮರುವಾರದ ಪರೀಕ್ಷೆಗೆ, ಒಬ್ಬ ಮಾಸ್ತರನನ್ನು ಯಾವ ರೀತಿಯಲ್ಲೂ ತೂರಿಸಲು ಬಾರದ ವಿಷಯವನ್ನು ಹುಡುಕಿ ಕೊಟ್ಟೆ: ಪರಿಸರ ಸಂರಕ್ಷಣೆ. ಇಪ್ಪತ್ತಾರು ಉತ್ತರಪತ್ರಿಕೆ ಬಂದವು. ಮೊದಲನೆಯದನ್ನು ತೆರೆದೆ.

"ವಸ್ತುಗಳನ್ನು ಬಿಸಾಡದೆ ಮರುಬಳಕೆ ಮಾಡುವುದು ಇಂದಿನ ಅಗತ್ಯ. ಇದಕ್ಕೆ ನಮ್ಮ ಮಾಸ್ತರೇ ಜೀವಂತ ಉದಾಹರಣೆ. ಅವರು ಒಂದೇ ಚಪ್ಪಲಿಯನ್ನು, ಅದೂ ಬೇರೆಯವರದ್ದನ್ನು, ವರ್ಷಗಟ್ಟಲೆ ಎಲ್ಲ ಊರುಗಳಲ್ಲೂ ಬಳಸುತ್ತಿದ್ದಾರೆ."

ಕೆಂಪು ಪೆನ್ನು ಹಿಡಿದು ಎರಡು ಸಲ ಓದಿದೆ. ಉದಾಹರಣೆ ವಿಷಯಕ್ಕೆ ಸರಿಯಾಗಿ ಹೊಂದುತ್ತಿತ್ತು. ಪೂರ್ತಿ ಅಂಕ ಕೊಟ್ಟು, ಉಳಿದ ಇಪ್ಪತ್ತೈದನ್ನು ತೆರೆಯದೆಯೇ ಅವಕ್ಕೂ ಅಷ್ಟೇ ಹಾಕಿದೆ.