ಡಿಜೆ ಸೊಸೆಯ ಕಿವಿನೋವು

ಬೇರೆಯವರು ಏನಾದರೂ ಕಲಿಯಲು ಹೊರಟರೆ ಕಲಿತು ಮುಗಿಸುತ್ತಾರೆ. ನಾನು ಹೊರಟರೆ ದಾರಿಯಲ್ಲಿ ಏನಾದರೊಂದು ನಡೆಯುತ್ತದೆ. ಒಂದು ಸಲ ನಡೆದರೆ ಗ್ರಹಚಾರ ಅನ್ನಬಹುದು. ನನಗೆ ಇದು ವಾರದ ಸಂತೆಯ ಹಾಗೆ ತಪ್ಪದೆ ಬರುತ್ತದೆ.

ಗೂಡಲೂರಿನಲ್ಲಿ ನಮ್ಮದು ಶಾಮಿಯಾನ, ಪಾತ್ರೆ, ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಮಾವನವರು ಗುಂಡ್ಲುಪೇಟೆ ಕಡೆಯಿಂದ ಬಂದು ಶುರು ಮಾಡಿದ್ದು. ಶಾಮಿಯಾನ ಕಟ್ಟುವುದು ನಮ್ಮ ಮನೆಯವರ ಪಾಲು, ಹಾಡು ಹಾಕುವುದು ನನ್ನ ಪಾಲು. ಆದರೆ ನನ್ನ ಆಸೆ ಮೈಕ್‌ಸೆಟ್ಟಿಗೆ ನಿಲ್ಲುವಂಥದ್ದಲ್ಲ. ಮದುವೆಗೆ ಮುಂಚೆ ಟಿವಿಯಲ್ಲಿ ಒಬ್ಬ ಹುಡುಗಿ ಒಂದು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಒಂದು ಗುಂಡಿ ತಿರುಗಿಸಿದಳು. ಹಾಲ್ ತುಂಬಾ ಜನ ಎದ್ದು ಕುಣಿದರು. ಅವತ್ತೇ ತೀರ್ಮಾನ ಮಾಡಿದೆ, ನಾನು ಕ್ಲಬ್ ಡಿಜೆ ಆಗಬೇಕು.

ಮದುವೆ ಮನೆಗಳಲ್ಲೂ ಕುಣಿಯುತ್ತಾರೆ, ಇಲ್ಲ ಅನ್ನುವುದಿಲ್ಲ. ಅವರೆಲ್ಲ ಗಂಡಿನ ಚಿಕ್ಕಪ್ಪ, ಹೆಣ್ಣಿನ ಸೋದರಮಾವ. ಕುಣಿಯದಿದ್ದರೆ ಯಾರಾದರೂ ಮುನಿಸಿಕೊಳ್ಳುತ್ತಾರೆ ಅಂತ ಕುಣಿಯುವವರು. ಗುರುತು ಪರಿಚಯ ಇಲ್ಲದವರು ನನ್ನ ಹಾಡಿಗೆ ಕುರ್ಚಿ ಬಿಟ್ಟು ಏಳಬೇಕು. ಒಂದೇ ಒಂದು ಸಲ. ನನಗೀಗ ನಲವತ್ತು ದಾಟಿದೆ. ಆಸೆಗೆ ಮಾತ್ರ ವಯಸ್ಸಾಗಲಿಲ್ಲ.

ರೋಗ

ಕೊಯಮತ್ತೂರಿನಿಂದ ಹಳೆಯದೊಂದು ಡಿಜೆ ಮಿಷನ್ ತರಿಸಿ, ಫೋನಿನಲ್ಲಿ ವಿಡಿಯೋ ನೋಡಿ ಅಭ್ಯಾಸ ಶುರು ಮಾಡಿದೆ. ಒಂದು ಕಿವಿಗೆ ಹೊರಗೆ ಓಡುತ್ತಿರುವ ಹಾಡು, ಇನ್ನೊಂದು ಕಿವಿಗೆ ಹೆಡ್‌ಫೋನಿನಲ್ಲಿ ಮುಂದಿನ ಹಾಡು. ಎರಡರ ತಾಳವನ್ನೂ ಕೂಡಿಸಬೇಕು. ಹಾಗಾಗಿ ಕೈ ಸದಾ ಕಿವಿಯ ಮೇಲೆ, ಕುತ್ತಿಗೆ ಓರೆ, ತಲೆ ತನ್ನಷ್ಟಕ್ಕೆ ಆಡುತ್ತಿರುತ್ತದೆ.

ನಮ್ಮತ್ತೆ ಇದನ್ನು ಅಡುಗೆಮನೆ ಬಾಗಿಲಿಂದ ನೋಡುತ್ತಲೇ ಇದ್ದರು. ಅತ್ತೆ ಶಿಸ್ತಿನವರು. ಬಾಗಿಲ ಮುಂದಿನ ರಂಗೋಲಿ ತುಳಿದರೆ ಹಾಲಿನವನಿಗೂ ಬೈಗುಳ, ಹೆತ್ತ ಮಗನಿಗೂ ಬೈಗುಳ. ನನ್ನನ್ನು ಮಾತ್ರ ಏನೂ ಅನ್ನಲಿಲ್ಲ. ನಾನು ಹೆಮ್ಮೆಪಟ್ಟುಕೊಂಡೆ.

ಒಂದು ಬೆಳಿಗ್ಗೆ ಕಣ್ಣುಮುಚ್ಚಿ ತಾಳ ಕೂಡಿಸುತ್ತಿದ್ದೆ. ಖಾಲಿ ಇದ್ದ ಕಿವಿಯೊಳಗೆ ಬಿಸಿಯಾಗಿ ಏನೋ ಇಳಿಯಿತು. ಹಾರಿಬಿದ್ದೆ. ಹಿಂದೆ ಅತ್ತೆ, ಕೈಯಲ್ಲಿ ಒಗ್ಗರಣೆ ಸೌಟು.

"ಏನತ್ತೆ ಇದು!"

"ಬೆಳ್ಳುಳ್ಳಿ ಎಣ್ಣ ಕನವ್ವ. ವಾರದಿಂದ ನೋಡ್ತಾ ಇವ್ನಿ, ಕಿವಿ ಹಿಡ್ಕಂಡು ಒದ್ದಾಡ್ತಿದ್ದಯ. ಹೇಳ್ಕಳಕ ನಾಚ್ಕ."

"ಇದು ನೋವಲ್ಲ ಅತ್ತೆ. ಡಿಜೆ ಆಗೋದು ಅಂದ್ರೆ ಹೀಗೇನೇ."

ಅತ್ತೆ ಸೌಟನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ಕೇಳಿದರು: "ಅದು ಎಷ್ಟು ದಿಸಕ್ಕ ವಾಸಿ ಆಯ್ತದ?"

ಹಟ್ಟಿಯ ತಾಳ

ಊಟಿ ಕಡೆಯ ಬೆಟ್ಟದ ಜನ ಬಡಗರು, ಅವರ ಒಂದು ಹಟ್ಟಿಯಲ್ಲಿ ಮದುವೆ. ಡಿಜೆ ಬೇಕು ಅಂತ ಮದುಮಗನೇ ಹಟ ಹಿಡಿದಿದ್ದ. ಡಿಜೆ ಆದವರು ಜನರನ್ನು ಬೆರಳಿನಲ್ಲಿ ಆಡಿಸಬೇಕು ಅಂತ ವಿಡಿಯೋದವರು ಹೇಳಿಕೊಟ್ಟಿದ್ದರಲ್ಲ, ಆಡಿಸಲು ಹೊರಟೆ.

ಹಾಡು ಶುರುವಾಯಿತು. ಬಿಳಿ ಬಟ್ಟೆ ಉಟ್ಟ ಹೆಂಗಸರು, ಗಂಡಸರು ಎದ್ದು ಅಂಗಳದಲ್ಲಿ ದೊಡ್ಡ ಸುತ್ತು ಕಟ್ಟಿ ನಿಧಾನವಾಗಿ ಹೆಜ್ಜೆ ಹಾಕಿದರು. ನಾನು ಹಾಡಿನ ವೇಗ ಏರಿಸಿದೆ. ಅವರ ಹೆಜ್ಜೆ ಅದೇ. ಇನ್ನಷ್ಟು ಏರಿಸಿದೆ. ಸ್ಪೀಕರು ನಡುಗಿತು, ಮೇಜಿನ ಮೇಲಿನ ಟೀ ಲೋಟ ತಾನಾಗಿ ಅಂಚಿಗೆ ಬಂತು. ಅವರ ಹೆಜ್ಜೆ ಅದೇ.

ಕೊನೆಗೆ ಒಬ್ಬ ಹಿರಿಯರು ಸುತ್ತಿನಿಂದ ಹೊರಬಂದು, ನನಗೆ ಅರ್ಥವಾಗಲಿ ಅಂತ ಬಿಡಿಸಿ ಬಿಡಿಸಿ ಹೇಳಿದರು: "ಅಮ್ಮಾ, ಹಾಡು ಕುಣಿಯೋರ ಹತ್ರ ಬರಬೇಕು. ನಿಮ್ಮ ಹಾಡಿಗೆ ಏನೋ ಅವಸರ ಇದೆ. ಅದು ಹೋಗೋದಾದ್ರೆ ಹೋಗ್ಲಿ, ನಾವು ಇಲ್ಲೇ ಇರ್ತೀವಿ."

ಸದ್ದಿಲ್ಲದ ಪಾರ್ಟಿ

ಮಸಿನಗುಡಿಯ ಒಂದು ರೆಸಾರ್ಟಿನಿಂದ ಕರೆ ಬಂತು. ಮಧ್ಯಾಹ್ನದ ಪಾರ್ಟಿ, ಚೆನ್ನೈನಿಂದ ಬಂದ ಗುರುತಿಲ್ಲದ ಜನ. ನಾನು ಕಾಯುತ್ತಿದ್ದದ್ದೇ ಅದು. ತೊರಪಳ್ಳಿ ದಾಟಿ, ಕಾಡಿನ ದಾರಿಯಲ್ಲಿ ದೊಡ್ಡ ಸ್ಪೀಕರುಗಳನ್ನು ಹೊತ್ತುಕೊಂಡು ಹೋದೆವು. ಮ್ಯಾನೇಜರು ಗೇಟಿನಲ್ಲೇ ಕೈ ಅಡ್ಡ ಹಿಡಿದರು.

"ಸೌಂಡ್ ಮಾತ್ರ ಬರಬಾರದು ಮೇಡಂ. ಪಕ್ಕದಲ್ಲೇ ಕಾಡು, ಪ್ರಾಣಿಗಳಿಗೆ ತೊಂದರೆ."

"ಸೌಂಡ್ ಇಲ್ಲದೆ ಡಿಜೆ ಯಾಕೆ ಕರೆಸಿದಿರಿ?"

"ಗೆಸ್ಟ್‌ಗಳಿಗೆ ಡಿಜೆ ಇದೆ ಅಂತ ಹೇಳಿಬಿಟ್ಟಿದ್ದೀವಿ."

ಅವರೇ ಉಪಾಯ ಹುಡುಕಿದ್ದರು. ಗೆಸ್ಟ್‌ಗಳೆಲ್ಲರಿಗೂ ಒಂದೊಂದು ವೈರಿಲ್ಲದ ಹೆಡ್‌ಫೋನ್ ಕೊಟ್ಟರು. ಹಾಡು ಅವರ ಕಿವಿಗೆ ಮಾತ್ರ. ಹುಲ್ಲಿನ ಮೇಲೆ ಅಷ್ಟೂ ಜನ ಕುಣಿದರು. ಹೊರಗೆ ಕೇಳಿದ್ದು ಚಪ್ಪಲಿ ಸದ್ದು ಮತ್ತು ಏದುಸಿರು. ಅದೂ ಒಬ್ಬೊಬ್ಬರು ಒಂದೊಂದು ತಾಳಕ್ಕೆ ಕುಣಿದರು. ಪ್ರತಿ ಹೆಡ್‌ಫೋನಿನಲ್ಲೂ ಹಾಡು ಬದಲಿಸುವ ಗುಂಡಿ ಇತ್ತಂತೆ. ನಾನು ಹಾಕಿದ್ದನ್ನು ಒಬ್ಬರೂ ಕೇಳುತ್ತಿರಲಿಲ್ಲ. ಇದು ನನಗೆ ಕೊನೆಯಲ್ಲಿ ಗೊತ್ತಾಯಿತು. ತುಂಬಾ ಬೇಜಾರಾಯಿತು.

ನಡುವೆ ಒಬ್ಬ ಫಾರೆಸ್ಟ್ ವಾಚರ್ ಬಂದ. ಸದ್ದಿಲ್ಲದೆ ಕುಣಿಯುವ ಜನರನ್ನು ಬೇಲಿ ಪಕ್ಕ ನಿಂತು ನೋಡಿದ. "ಅಕ್ಕಾ, ಇವರು ಮಧ್ಯಾಹ್ನ ಏನು ತಿಂದ್ರು?" ಅಂದ. ನಾನು ನನ್ನ ಹೆಡ್‌ಫೋನನ್ನೇ ಅವನ ತಲೆಗೆ ಹಾಕಿದೆ. ಅವನ ಹೆಗಲು ನಿಧಾನವಾಗಿ ಆಡತೊಡಗಿತು. ಸದ್ದು ಮಾಡಬಾರದು ಅಂತ ಹೇಳಲು ಬಂದಿದ್ದ ಆ ಮನುಷ್ಯ ನನ್ನ ಕಡೆ ಬಗ್ಗಿ ಹೇಳಿದ: "ಇನ್ನೂ ಸ್ವಲ್ಪ ಜೋರು ಮಾಡಿ ಅಕ್ಕಾ."

ರಂಗೋಲಿ

ಕೊನೆಗೂ ಊಟಿಯಿಂದ ಫೋನ್ ಬಂತು. ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ನಿಜವಾದ ಕ್ಲಬ್, ನಿಜವಾದ ಡ್ಯಾನ್ಸ್ ಫ್ಲೋರ್. ಅವರ ಡಿಜೆಗೆ ಜ್ವರ. "ಇವತ್ತು ಸಂಜೆ ಬನ್ನಿ ಮೇಡಂ. ಫ್ಲೋರ್ ತುಂಬಿದರೆ ಇನ್ನು ಪ್ರತಿ ಶನಿವಾರ ನಿಮ್ಮದೇ. ತುಂಬದಿದ್ದರೆ ಬೇಜಾರು ಮಾಡ್ಕೋಬೇಡಿ," ಅಂದರು ಮ್ಯಾನೇಜರು.

ಅತ್ತೆ ನಾನೂ ಬರುತ್ತೇನೆ ಅಂತ ಹೊರಟರು. "ಊಟಿ ಚಳೀಲಿ ಆ ಕಿವಿ ಏನಾಗ್ಬೇಕು?" ಅಂದರು. ಸ್ವೆಟರು, ಶಾಲು, ಕೈಚೀಲ ಸಮೇತ ವ್ಯಾನಿನ ಮುಂದಿನ ಸೀಟು ಹಿಡಿದರು. ನಾನು ಹಿಂದೆ, ಸ್ಪೀಕರಿನ ಜೊತೆ.

ಜನ ಇದ್ದರು. ಎಲ್ಲರೂ ಟೂರಿಸ್ಟುಗಳು, ಎಲ್ಲರಿಗೂ ಮಂಕಿ ಕ್ಯಾಪ್. ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಿಸಿ ಬಜ್ಜಿ ಬಂದಾಗ ಮಾತ್ರ ಹೊರಗೆ ತೆಗೆಯುತ್ತಿದ್ದರು. ನಾನು ಕಲಿತದ್ದನ್ನೆಲ್ಲ ಸುರಿದೆ. ಒಬ್ಬರೂ ಏಳಲಿಲ್ಲ. ಒಬ್ಬ ಎದ್ದ, ನಾನು ಹಾಡು ಜೋರು ಮಾಡಿದೆ. ಅವನು ಟಾಯ್ಲೆಟ್ ಎಲ್ಲಿ ಅಂತ ಕೇಳಿ ಹೋದ. ಮ್ಯಾನೇಜರು ಗಡಿಯಾರ ನೋಡಿಕೊಂಡರು. ಇಷ್ಟು ವರ್ಷದ ಆಸೆ ಇಲ್ಲಿ ಬಜ್ಜಿಯ ಮುಂದೆ ಸೋಲುತ್ತಿದೆಯಲ್ಲ ಅಂತ ನನಗೆ ಅಳುವೇ ಬಂತು. ಕಣ್ಣೀರು ಕಾಣದಿರಲಿ ಅಂತ ಕಿವಿಗೆ ಕೈ ಒತ್ತಿ ತಲೆ ಬಗ್ಗಿಸಿದೆ.

ಮೂಲೆಯಲ್ಲಿದ್ದ ಅತ್ತೆ ಅದನ್ನು ನೋಡಿದರು. ಕೈಚೀಲದಿಂದ ಎಣ್ಣೆ ಸೀಸೆ ತೆಗೆದು ನೇರ ನನ್ನ ಕಡೆ ಹೊರಟರು. ದಾರಿ ಇದ್ದದ್ದು ಡ್ಯಾನ್ಸ್ ಫ್ಲೋರಿನ ಮೇಲೆ. ಫ್ಲೋರಿನ ಅಂಚಿಗೆ ಬಂದವರು ಗಕ್ಕನೆ ನಿಂತರು. ಮೇಲಿನ ಲೈಟಿನಿಂದ ನೆಲದ ತುಂಬಾ ಬಣ್ಣಬಣ್ಣದ ಹೂವು, ಚಕ್ರ, ನಕ್ಷತ್ರ.

ರಂಗೋಲಿ! ಅತ್ತೆ ತುಳಿಯುತ್ತಾರೆಯೇ?

ಸೀರೆ ಎತ್ತಿ ಹಿಡಿದು, ಖಾಲಿ ಜಾಗ ನೋಡಿ ಒಂದು ಕಾಲಿಟ್ಟರು. ಹೂವು ಸರಿದು ಅಲ್ಲಿಗೇ ಬಂತು. ಟಣ್ ಅಂತ ಪಕ್ಕಕ್ಕೆ ಹಾರಿದರು. ಅಲ್ಲಿಗೆ ಚಕ್ರ ಬಂತು. ಒಂಟಿಕಾಲಲ್ಲಿ ಹಿಂದಕ್ಕೆ, ಅರ್ಧ ಸುತ್ತು, ಮತ್ತೆ ಮುಂದಕ್ಕೆ. ಬೀಳದಿರಲಿ ಅಂತ ಸೀಸೆ ಹಿಡಿದ ಕೈ ಮೇಲಕ್ಕೆ.

ಹಟ್ಟಿಯ ಹಿರಿಯರ ಮಾತು ನೆನಪಾಯಿತು. ಹಾಡು ಕುಣಿಯೋರ ಹತ್ರ ಬರಬೇಕು. ಕಣ್ಣೊರೆಸಿಕೊಂಡು ಹಾಡಿನ ವೇಗ ಇಳಿಸಿದೆ, ಇನ್ನೂ ಇಳಿಸಿದೆ, ಸರಿಯಾಗಿ ಅತ್ತೆಯ ನೆಗೆತಕ್ಕೆ ಕೂಡಿಸಿದೆ. ಅವರ ಕಾಲು ನೆಲ ಮುಟ್ಟಿದಾಗ ಡೋಲಿನ ಪೆಟ್ಟು ಬಿತ್ತು.

ಒಂದು ಮಂಕಿ ಕ್ಯಾಪ್ ಎದ್ದಿತು. ಅದರ ಹೆಂಡತಿ ಎದ್ದಳು. ಆಮೇಲೆ ಮೇಜುಮೇಜೇ ಎದ್ದು ಬಂತು. ಎಲ್ಲರೂ ಬಟ್ಟೆ ಎತ್ತಿ ಹಿಡಿದು, ಒಂದು ಕೈ ಮೇಲೆ ಮಾಡಿ, ಟಣ್ ಟಣ್ ಅಂತ ಹಾರತೊಡಗಿದರು. ಫ್ಲೋರ್ ತುಂಬಿಹೋಯಿತು. ಗುರುತಿಲ್ಲದವರು, ಬಜ್ಜಿ ಆರಿಹೋದರೂ ಕೂರಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಅತ್ತೆ ಹೇಗೋ ನನ್ನ ಮೇಜು ತಲುಪಿ, ನನ್ನ ಕಿವಿಗೆ ಎಣ್ಣೆ ಬಿಟ್ಟರು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ನನಗೆ ಅದು ಒಂದೇ ಕಿವಿಯಲ್ಲಿ ಕೇಳಿಸಿತು.

ಕೊನೆಯಲ್ಲಿ ಮ್ಯಾನೇಜರು ಕೈಮುಗಿದುಕೊಂಡು ಬಂದರು, ನನ್ನನ್ನು ದಾಟಿ ಅತ್ತೆಯ ಹತ್ತಿರ ಹೋದರು. "ಅಮ್ಮಾ, ಪ್ರತಿ ಶನಿವಾರ ನೀವು ತಪ್ಪದೆ ಬರಬೇಕು. ಸೊಸೆಯವರೂ ಬರಲಿ."

ಅತ್ತೆ ಮಂಡಿ ನೀವಿಕೊಳ್ಳುತ್ತಾ ಹೇಳಿದರು: "ಬರಾಕೇನು, ಬತ್ತೀನಿ. ಆದ್ರ ಆ ರಂಗೋಲಿ ಬುಡಾ ಹೆಣ್ಣಿಗ ಹೇಳಿ, ಒಂದ್ಕಡ ನಿಲ್ಲಂಗ ಬುಡ್ಲಿ."